ಯಾವ ಮಾತಿಗೆ ಯಾವ ದಾರಿ: ಹಂಚಿಹೋದ ತಂಡ ನಡೆಸುವ ನನ್ನ ಅನುಭವ

ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯುವ ತಂಡವೊಂದನ್ನು ನಾನು ಬೆಂಗಳೂರಿನಿಂದ ನಡೆಸುತ್ತೇನೆ. ಯಂತ್ರ ತಯಾರಾಗುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಅದನ್ನು ಕೊಂಡು ಓಡಿಸುವ ದೊಡ್ಡ ಗ್ರಾಹಕರು ಅಮೆರಿಕದ ಮಿಶಿಗನ್‌ನಲ್ಲಿದ್ದಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ಅಲ್ಲೇ ಉಳಿದರು. ಹಾಗಾಗಿ ಒಬ್ಬರು ತೀರ್ಥಹಳ್ಳಿ ಕಡೆ, ಒಬ್ಬರು ಧಾರವಾಡ, ಇನ್ನೊಬ್ಬರು ಮಂಗಳೂರು. ತಂಡ ಒಂದೇ, ಕೋಡ್ ಒಂದೇ, ಆದರೆ ಎಲ್ಲರೂ ಒಂದು ಕೋಣೆಯಲ್ಲಿ ಕೂರುವುದು ಅಪರೂಪ.

ಇಂಥ ತಂಡ ನಡೆಸುವ ಸ್ನೇಹಿತರು ಸಿಕ್ಕಾಗಲೆಲ್ಲ ಮೊದಲು ಬರುವ ಪ್ರಶ್ನೆ, "ನಿಮ್ಮಲ್ಲಿ ಟೀಮ್ಸಾ, ಸ್ಲ್ಯಾಕಾ?" ಅಂತ, ಅಂದರೆ ಯಾವ ಚಾಟ್ ಆ್ಯಪ್ ಬಳಸುತ್ತೀರಿ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ನಾನು ತಂಡ ವಹಿಸಿಕೊಂಡಾಗ ಅಲ್ಲಿ ಎಲ್ಲವೂ ಇತ್ತು: ಇಮೇಲ್, ಟೀಮ್ಸ್, ಜಿರಾ ಟಿಕೆಟ್ (ಒಂದೊಂದು ಕೆಲಸ, ದೋಷವನ್ನು ದಾಖಲಿಸುವ ಚೀಟಿ), ವಿಕಿ (ಎಲ್ಲರೂ ಬರೆದು ತಿದ್ದುವ ಪುಟಗಳು), ಫೋನು, ಜೊತೆಗೆ ತಾವಾಗಿಯೇ ಹುಟ್ಟಿಕೊಂಡ ವಾಟ್ಸಾಪ್ ಗುಂಪುಗಳು. ಎಲ್ಲವೂ ಇದ್ದದ್ದೇ ಕಷ್ಟ. ಒಂದು ವಿಷಯದ ಅರ್ಧ ಮಾತು ಟಿಕೆಟ್‌ನಲ್ಲಿ, ಸ್ವಲ್ಪ ಚಾಟ್‌ನಲ್ಲಿ, ಉಳಿದದ್ದು ಯಾರೋ ಇಬ್ಬರು ಫೋನಿನಲ್ಲಿ ಆಡಿ ಮುಗಿಸಿದ್ದು. ಹೊಸ ಸಾಧನ ಯಾವುದನ್ನೂ ನಾನು ತರಲಿಲ್ಲ. ಇರುವುದರಲ್ಲಿ ಯಾವ ಮಾತನ್ನು ಎಲ್ಲಿ ಆಡಬೇಕು ಎಂಬುದನ್ನು ತಂಡದ ಜೊತೆ ಕೂತು ಗೊತ್ತುಮಾಡಿಕೊಂಡೆ.

ಅದಕ್ಕೆ ಮೊದಲು ಮಾಡಿದ ಕೆಲಸ ಹಳೆಯ ಮಾತುಕತೆಗಳನ್ನು ಓದಿದ್ದು. ಟಿಕೆಟ್, ಮೇಲ್, ಚಾಟ್ ಎಲ್ಲವನ್ನೂ ತೆರೆದಿಟ್ಟುಕೊಂಡು, ಪ್ರತಿಯೊಂದರ ಪಕ್ಕ "ಇದು ಯಾತಕ್ಕೆ ಆಡಿದ ಮಾತು" ಎಂದು ಬರೆಯುತ್ತ ಹೋದೆ. ಕೆಲವು ಬರೀ ಸುದ್ದಿ: ಸಾಫ್ಟ್‌ವೇರ್ ಬಿಲ್ಡ್ ಮುಗಿದಿದೆ, ಪರೀಕ್ಷೆ ನಡೆಸುವ ಟೆಸ್ಟ್ ರಿಗ್ ನಾಳೆ ಸಿಗುವುದಿಲ್ಲ. ಕೆಲವು ನಿಶ್ಚಿತ ಉತ್ತರ ಇರುವ ಪ್ರಶ್ನೆಗಳು: ಈ ಮೋಟಾರಿನ ಗರಿಷ್ಠ ವೇಗ ಎಷ್ಟು. ಇನ್ನು ಕೆಲವು ನೋಡಲು ಪ್ರಶ್ನೆಯ ಹಾಗೇ ಇದ್ದವು, ಆದರೆ ಕೇಳಿದವರ ತಲೆಯಲ್ಲಿ ಒಂದು ಚಿತ್ರ, ಉತ್ತರಿಸಿದವರ ತಲೆಯಲ್ಲಿ ಇನ್ನೊಂದು. ಬಾಲದಂತೆ ಬೆಳೆದುಹೋದ ಮಾತುಕತೆಯ ಎಳೆಗಳೆಲ್ಲ ಈ ಮೂರನೆಯ ಗುಂಪಿನವು.

ರಿಚರ್ಡ್ ಡ್ಯಾಫ್ಟ್ ಮತ್ತು ರಾಬರ್ಟ್ ಲೆಂಗಲ್ ಎಂಬ ಸಂಶೋಧಕರು 1986ರಲ್ಲಿ ಬರೆದ ಲೇಖನವೊಂದು ಇದನ್ನು ಅರ್ಥಮಾಡಿಕೊಳ್ಳಲು ನನಗೆ ತುಂಬ ನೆರವಾಯಿತು. ಸಂಸ್ಥೆಗಳಲ್ಲಿ ಎರಡು ಬಗೆಯ ತೊಡಕಿರುತ್ತದೆ ಅನ್ನುತ್ತಾರೆ ಅವರು. ಒಂದು, ಮಾಹಿತಿ ಸಾಲದೆ ಬರುವುದು. ಅದಕ್ಕೆ ಮಾಹಿತಿ ಕೊಟ್ಟರೆ ಮುಗಿಯಿತು. ಇನ್ನೊಂದು, ಇರುವ ಮಾಹಿತಿಗೇ ಹಲವು ಅರ್ಥ ಹೊರಡುವುದರಿಂದ ಬರುವುದು. ಇಲ್ಲಿ ಇನ್ನಷ್ಟು ಮಾಹಿತಿ ಸುರಿದರೂ ಪ್ರಯೋಜನವಿಲ್ಲ. ದನಿ, ಮುಖ, ತಕ್ಷಣದ ಮರುಮಾತು ಇರುವ ಮಾಧ್ಯಮದಲ್ಲಿ ಕೂತು ಅರ್ಥವನ್ನು ಒಟ್ಟಿಗೆ ಕಟ್ಟಿಕೊಳ್ಳಬೇಕು.

ನಮ್ಮದೇ ಒಂದು ಉದಾಹರಣೆ ಹೇಳುತ್ತೇನೆ. ಯಂತ್ರದ ಬಾಗಿಲು ತೆರೆದರೆ ಯಂತ್ರ ಸುರಕ್ಷಿತವಾಗಿ ನಿಲ್ಲಬೇಕು ಎಂದು ಬೇಡಿಕೆಪಟ್ಟಿಯಲ್ಲಿ ಒಂದು ಸಾಲು. ಓದಿದವರೆಲ್ಲರಿಗೂ ಅದು ಸ್ಪಷ್ಟ. ಆದರೆ ಯಂತ್ರಗಳ ವಿದ್ಯುತ್ ಸುರಕ್ಷತೆಯ ಐಇಸಿ 60204-1 ಎಂಬ ಅಂತಾರಾಷ್ಟ್ರೀಯ ಮಾನದಂಡದಲ್ಲಿ ನಿಲ್ಲಿಸುವುದಕ್ಕೆ ಮೂರು ವರ್ಗಗಳಿವೆ. ಸೊನ್ನೆ ವರ್ಗದಲ್ಲಿ ತಕ್ಷಣ ವಿದ್ಯುತ್ ಕಡಿತ. ಒಂದನೇ ವರ್ಗದಲ್ಲಿ ವಿದ್ಯುತ್ ಇಟ್ಟುಕೊಂಡೇ ಹಿಡಿತದಲ್ಲಿ ನಿಲ್ಲಿಸಿ, ನಿಂತ ಮೇಲೆ ಕಡಿತ. ಎರಡನೆಯದರಲ್ಲಿ ನಿಂತ ಮೇಲೂ ವಿದ್ಯುತ್ ಇರುತ್ತದೆ. ನಮ್ಮ ಎಂಜಿನಿಯರ್ ಹುಡುಗಿಯ ಕಣ್ಣ ಮುಂದೆ ಇದ್ದದ್ದು ಗಿರಗಿರ ತಿರುಗುವ ಭಾರದ ಸ್ಪಿಂಡಲ್. ವಿದ್ಯುತ್ ಕಡಿದರೆ ಅದು ತನ್ನ ವೇಗದಲ್ಲೇ ಇನ್ನಷ್ಟು ಹೊತ್ತು ತಿರುಗುತ್ತದೆ, ಹಿಡಿದು ನಿಲ್ಲಿಸುವುದೇ ಸುರಕ್ಷಿತ ಅನ್ನುವುದು ಅವಳ ವಾದ. ಜರ್ಮನಿಯ ಮೆಕ್ಯಾನಿಕಲ್ ಎಂಜಿನಿಯರ್ ಯೋಚಿಸುತ್ತಿದ್ದದ್ದು ಯಂತ್ರದ ಲಂಬ ಅಕ್ಷದ ಬಗ್ಗೆ, ಅಂದರೆ ಮೇಲೆ ಕೆಳಗೆ ಹೋಗುವ ಭಾಗದ ಬಗ್ಗೆ. ಬ್ರೇಕ್ ಹಿಡಿಯುವ ಮುಂಚೆ ಅಲ್ಲಿ ವಿದ್ಯುತ್ ಹೋದರೆ ಭಾರ ಕೆಳಕ್ಕೆ ಜಾರುತ್ತದೆ, ಅಲ್ಲಿಯವರೆಗೆ ವಿದ್ಯುತ್ ಇರಲೇಬೇಕು ಅನ್ನುವುದು ಅವರ ವಾದ. ಟಿಕೆಟ್‌ನಲ್ಲಿ ಇಬ್ಬರೂ ತಮ್ಮ ತಮ್ಮ ಸರಿಯನ್ನು ಬರೆಯುತ್ತಲೇ ಇದ್ದರು. ಒಬ್ಬರ ಕಣ್ಣ ಮುಂದಿರುವ ಭಾಗ ಇನ್ನೊಬ್ಬರಿಗೆ ಕಾಣುತ್ತಿಲ್ಲ ಎಂಬುದು ಬರಹದಲ್ಲಿ ಗೊತ್ತಾಗುತ್ತಿರಲಿಲ್ಲ.

ನಾನು ಇಬ್ಬರನ್ನೂ ಕಾಲ್‌ಗೆ ಕರೆದು ಯಂತ್ರದ ನಕ್ಷೆಯನ್ನು ಪರದೆಯ ಮೇಲೆ ಹಾಕಿಸಿದೆ. ಬೆರಳು ತೋರಿಸುವ ಬದಲು ಕರ್ಸರ್ ಓಡಿಸುತ್ತ ಮಾತಾಡಿದರು. ಚಹಾ ಆರುವಷ್ಟರಲ್ಲಿ ಇಬ್ಬರಿಗೂ ತಾವು ಬೇರೆ ಬೇರೆ ಭಾಗದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ತಿಳಿಯಿತು. ಒಂದನೇ ವರ್ಗದ ನಿಲುಗಡೆ, ಲಂಬ ಅಕ್ಷದ ಬ್ರೇಕ್ ಹಿಡಿದದ್ದು ಖಾತ್ರಿಯಾದ ಮೇಲಷ್ಟೇ ವಿದ್ಯುತ್ ಕಡಿತ ಎಂದು ತೀರ್ಮಾನವಾಯಿತು. ಕಾಲ್ ಮುಗಿಯುವ ಮುಂಚೆಯೇ ಅವಳು ಅದನ್ನು ಟಿಕೆಟ್‌ನಲ್ಲಿ ಬರೆದು, ಎಲ್ಲರೆದುರು ಓದಿ ಹೇಳಿದಳು. ಈ ಕೊನೆಯ ಹೆಜ್ಜೆಯನ್ನು ನಾವು ಯಾವತ್ತೂ ಬಿಡುವುದಿಲ್ಲ. ಮಾತಿನಲ್ಲಿ ಕಟ್ಟಿದ ಅರ್ಥ ಬರಹಕ್ಕೆ ಇಳಿಯದಿದ್ದರೆ ಮರುವಾರ ಅದು ಮತ್ತೆ ಎರಡಾಗಿ ಒಡೆದಿರುತ್ತದೆ.

ಅಲನ್ ಡೆನ್ನಿಸ್, ರಾಬರ್ಟ್ ಫುಲ್ಲರ್ ಮತ್ತು ಜೋಸೆಫ್ ವಲಾಸಿಚ್ 2008ರಲ್ಲಿ ಈ ವಿಚಾರವನ್ನು ಇನ್ನೂ ಚೆನ್ನಾಗಿ ಬಿಡಿಸಿಟ್ಟರು. ಅವರ ಪ್ರಕಾರ ಯಾವ ಕೆಲಸದಲ್ಲೂ ಎರಡು ನಡೆಗಳಿರುತ್ತವೆ: ವಿಷಯವನ್ನು ತಲುಪಿಸುವುದು, ತಲುಪಿದ ವಿಷಯದ ಅರ್ಥದ ಬಗ್ಗೆ ಒಂದು ಮಾತಿಗೆ ಬರುವುದು. ತಲುಪಿಸುವಾಗ ಓದುವವರಿಗೆ ಸಮಯ ಬೇಕು, ಹಿಂದೆ ಮುಂದೆ ತಿರುವಿ ನೋಡುವ ಅವಕಾಶ ಬೇಕು. ಅದಕ್ಕೆ ಬರಹವೇ ಸರಿ. ಒಂದು ಮಾತಿಗೆ ಬರುವಾಗ ಎಲ್ಲರೂ ಒಂದೇ ಹೊತ್ತಿನಲ್ಲಿ, ಒಂದೇ ಲಯದಲ್ಲಿ ಇರಬೇಕು. ಅದಕ್ಕೆ ದನಿ ಬೇಕು. ಮುಖಾಮುಖಿಯೇ ಶ್ರೇಷ್ಠ, ಇಮೇಲ್ ಕನಿಷ್ಠ ಅನ್ನುವ ಏಣಿಯನ್ನು ಇದು ಒಪ್ಪುವುದಿಲ್ಲ. ನನಗೂ ಅದು ಒಪ್ಪಿಗೆಯಿಲ್ಲ. ನೂರಾರು ಪ್ಯಾರಾಮೀಟರ್‌ಗಳ ಪಟ್ಟಿಯನ್ನು ವಿಡಿಯೋ ಕಾಲ್‌ನಲ್ಲಿ ಸಾಲು ಸಾಲಾಗಿ ಓದುವ ಸಭೆಗಳಲ್ಲಿ ನಾನು ಕೂತಿದ್ದೇನೆ. ಮುಖ ಕಂಡ ಮಾತ್ರಕ್ಕೆ ಅಲ್ಲಿ ಯಾರಿಗೂ ಏನೂ ಹೆಚ್ಚು ತಿಳಿಯಲಿಲ್ಲ.

ಅದರಿಂದ ನಮ್ಮಲ್ಲಿ ಒಂದು ಕೆಲಸಕ್ಕೆ ಒಂದು ಮಾಧ್ಯಮ ಎಂದು ಗಂಟುಹಾಕಿಲ್ಲ. ಸರದಿ ಗೊತ್ತುಮಾಡಿದ್ದೇವೆ. ವಿನ್ಯಾಸದ ವಿಷಯವಾದರೆ ಮೊದಲು ಎರಡು ಮೂರು ಪುಟದ ಬರಹ ವಿಕಿಯಲ್ಲಿ ಬರುತ್ತದೆ. ಎಲ್ಲರೂ ತಮ್ಮ ಹೊತ್ತಿನಲ್ಲಿ ಓದಿ ಪಕ್ಕದಲ್ಲೇ ಟಿಪ್ಪಣಿ ಹಾಕುತ್ತಾರೆ. ಟಿಪ್ಪಣಿಯಲ್ಲೇ ಬಗೆಹರಿದದ್ದು ಅಲ್ಲಿಗೇ ಮುಗಿಯಿತು. ಬಗೆಹರಿಯದೆ ಉಳಿದ ಅಂಶಗಳಿಗೆ ಮಾತ್ರ ಕಾಲ್. ಓದಲು ಬಿಡುವಾಗಲಿಲ್ಲ ಅನ್ನುವವರು ಎಲ್ಲ ತಂಡದಲ್ಲೂ ಇರುತ್ತಾರೆ. ಅವರಿಗಾಗಿ ಕಾಲ್‌ನ ಮೊದಲ ಕೆಲವು ನಿಮಿಷ ಎಲ್ಲರೂ ಮೈಕ್ ಮುಚ್ಚಿ ಬರಹವನ್ನು ಓದುತ್ತೇವೆ. ಅಮೆಜಾನ್ ಕಂಪನಿಯಲ್ಲಿ ಈ ಪದ್ಧತಿ ಇದೆ, ಅಲ್ಲಿಂದಲೇ ತೆಗೆದುಕೊಂಡೆ. ಹೊಸಬರಿಗೆ ಈ ಮೌನ ಶುರುವಿನಲ್ಲಿ ವಿಚಿತ್ರ ಅನ್ನಿಸುತ್ತದೆ. ಎರಡು ಮೂರು ಸಭೆಯಾದ ಮೇಲೆ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಬರಹಕ್ಕೆ ನಾನು ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವಿದೆ, ಅದು ನನಗೆ ಹೃದಯಕ್ಕೆ ಹತ್ತಿರವಾದದ್ದು. ನಮ್ಮ ತಂಡದ ಹಲವರು ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಎಂಜಿನಿಯರಿಂಗ್ ಸೇರಿದವರು. ಇಂಗ್ಲಿಷ್ ಓದುತ್ತಾರೆ, ಬರೆಯುತ್ತಾರೆ. ಆದರೆ ಕಾಲ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ನಡುವೆ ಬಾಯಿ ಹಾಕಲು ಹಿಂಜರಿಯುತ್ತಾರೆ. ಒಂದು ಕಾಲ್ ಮುಗಿದ ಮೇಲೆ ಧಾರವಾಡದ ಹುಡುಗ ನನಗೆ ಫೋನ್ ಮಾಡಿ, "ಮೇಡಂ, ಅವರು ಹೇಳಿದ ಟೈಮಿಂಗ್ ಸರಿ ಬರೂದಿಲ್ರೀ. ಕಾಲ್‌ನ್ಯಾಗ ಹೇಳಾಕ ಆಗ್ಲಿಲ್ಲ, ಬರದು ಕಳಸಲೇನ್ರಿ?" ಅಂದ. ಬರೆದು ಕಳಿಸಿದ. ಅಂದಿನ ಚರ್ಚೆಯಲ್ಲಿ ಅದಕ್ಕಿಂತ ತೂಕದ ಮಾತು ಇನ್ನೊಂದು ಇರಲಿಲ್ಲ. ಬರೆಯುವಾಗ ವಾಕ್ಯವನ್ನು ತಿದ್ದಬಹುದು, ಲೆಕ್ಕವನ್ನು ಇನ್ನೊಮ್ಮೆ ನೋಡಬಹುದು, ಧೈರ್ಯ ಕೂಡಿಸಿಕೊಳ್ಳಬಹುದು. ಜರ್ಮನಿಯವರಿಗೂ ಇಂಗ್ಲಿಷ್ ಎರಡನೆಯ ಭಾಷೆಯೇ. ಅವರಿಗೂ ಇದೇ ಅನುಕೂಲ. ಕಾಲ್‌ಗಳ ಮೇಲೆಯೇ ನಡೆಯುವ ತಂಡದಲ್ಲಿ ಸರಾಗವಾಗಿ ಮಾತಾಡುವವರ ಅಭಿಪ್ರಾಯ ಗೆಲ್ಲುತ್ತದೆ, ಸರಿಯಾದ ಅಭಿಪ್ರಾಯ ಗೆಲ್ಲಬೇಕೆಂದಿಲ್ಲ. ಮಾಧ್ಯಮದ ಆಯ್ಕೆ ಎಂದರೆ ಯಾರಿಗೆ ಮಾತಾಡಲು ಅವಕಾಶ ಸಿಗುತ್ತದೆ ಎಂಬುದರ ಆಯ್ಕೆಯೂ ಹೌದು. ತಂಡ ನಡೆಸುವವರು ಇದನ್ನು ಮರೆಯಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇನ್ನು ಗಡಿಯಾರದ ವಿಷಯ. ನಾವು ವರ್ಷವಿಡೀ ಒಂದೇ ಸಮಯದಲ್ಲಿರುತ್ತೇವೆ. ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಿಶಿಗನ್ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಅಂದರೆ ಅಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕೂತವರು ನಮಗೆ ಸಿಗುವುದು ಸಂಜೆ ಆರೂವರೆಗೆ, ಚಳಿಗಾಲದಲ್ಲಿ ಏಳೂವರೆಗೆ. ಅದರ ಮೇಲೆ ಅಮೆರಿಕ ಗಡಿಯಾರ ಮುಂದೆ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪ್ ತಿರುಗಿಸುವುದು ಮಾರ್ಚ್‌ನ ಕೊನೆಯ ಭಾನುವಾರ. ಹಿಂದಕ್ಕೆ ತಿರುಗಿಸುವಾಗಲೂ ಯುರೋಪಿನದು ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದ್ದು ನವೆಂಬರ್‌ನ ಮೊದಲ ಭಾನುವಾರ. ನಡುವಿನ ವಾರಗಳಲ್ಲಿ ಮೂರು ದೇಶದ ಸಭೆಯ ಹೊತ್ತು ಜಾರಿಹೋಗುತ್ತದೆ. ಮರಳಿ ಮರಳಿ ನಡೆಯುವ ಸಭೆಯ ಆಹ್ವಾನವನ್ನು ಯಾವ ಊರಿನ ಗಡಿಯಾರಕ್ಕೆ ಕಟ್ಟಬೇಕು ಎಂಬುದನ್ನು ಹಾಗಾಗಿ ನಾವು ಮೊದಲೇ ನಿರ್ಧರಿಸುತ್ತೇವೆ. ನಮ್ಮದು ಸ್ಟುಟ್‌ಗಾರ್ಟ್ ಗಡಿಯಾರಕ್ಕೆ ಕಟ್ಟಿದ್ದು. ಜರ್ಮನಿಯವರು ಮಕ್ಕಳನ್ನು ಶಾಲೆಯಿಂದ ಕರೆತರುವ ಹೊತ್ತು ಅವರ ಗಡಿಯಾರದ ಜೊತೆಯೇ ಸರಿಯುತ್ತದೆ, ನಮ್ಮ ಮಧ್ಯಾಹ್ನ ಒಂದು ಗಂಟೆ ಆಚೀಚೆ ಆದರೂ ನಡೆಯುತ್ತದೆ ಎಂಬ ಲೆಕ್ಕದಲ್ಲಿ.

ಎಲ್ಲರೂ ಎಚ್ಚರವಾಗಿ ಕೆಲಸದಲ್ಲಿರುವ ಆ ಕೆಲವು ಗಂಟೆಗಳು ನಮ್ಮ ತಂಡದ ಅತಿ ದುಬಾರಿ ವಸ್ತು. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ ಎಂದು ಸರದಿಯಲ್ಲಿ ಹೇಳಿಕೊಳ್ಳುವುದಕ್ಕೆ ಅದನ್ನು ಕಳೆಯಬಾರದು. ದಿನದ ವರದಿಯನ್ನು ನಾವು ಬೆಳಗ್ಗೆಯೇ ಚಾಟ್‌ನಲ್ಲಿ ಮೂರು ಸಾಲು ಬರೆದು ಮುಗಿಸುತ್ತೇವೆ. ಜೊತೆಯ ಗಂಟೆಗಳು ಒಂದು ಮಾತಿಗೆ ಬರಬೇಕಾದ ವಿಷಯಗಳಿಗೆ ಮೀಸಲು. ಮಿಶಿಗನ್ ಜೊತೆಯ ರಾತ್ರಿ ಕಾಲ್‌ಗಳನ್ನು ಸರದಿಯ ಮೇಲೆ ಹಂಚಿಕೊಂಡಿದ್ದೇವೆ. ಸಣ್ಣ ಮಕ್ಕಳಿರುವವರ ಮೇಲೆ ಆ ಹೊರೆ ಬೀಳದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಗ್ರಾಹಕರಿಗೂ ಇದನ್ನು ಬಿಚ್ಚಿ ಹೇಳಿದೆ. ತಿಂಗಳಿಗೊಮ್ಮೆ ಅವರು ತಮ್ಮ ಮುಂಜಾನೆ ಏಳಕ್ಕೇ ಕೂರಲು ಒಪ್ಪಿದರು.

ಮಲೆನಾಡಿನ ಮಳೆಗಾಲ ನಮ್ಮ ಆಯ್ಕೆಗಳನ್ನು ಇನ್ನೊಂದು ದಿಕ್ಕಿನಿಂದ ತಿದ್ದಿತು. ಜೂನ್ ಜುಲೈಯಲ್ಲಿ ತೀರ್ಥಹಳ್ಳಿ ಕಡೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವಂತಿಲ್ಲ. ಮನೆಯ ಯುಪಿಎಸ್ ಇರುವವರೆಗೆ ಇಂಟರ್ನೆಟ್, ಆಮೇಲೆ ಮೊಬೈಲ್, ಟವರ್‌ನ ಬ್ಯಾಟರಿ ಮುಗಿದರೆ ಅದೂ ಇಲ್ಲ. ಅಂಥ ದಿನ ವಿಡಿಯೋ ಅಂತೂ ದೂರದ ಮಾತು. ದನಿಯೂ ಕಡಿದು ಕಡಿದು ಬರುತ್ತದೆ. ಆದರೆ ಒಂದು ಸಾಲಿನ ಸಂದೇಶ ಹೇಗೋ ತೂರಿಕೊಂಡು ಹೋಗುತ್ತದೆ. ಆದ್ದರಿಂದ ತಂಡದಲ್ಲಿ ಯಾರ ಸಂಪರ್ಕ ಎಲ್ಲಕ್ಕಿಂತ ದುರ್ಬಲವೋ ಅವರಿಗೆ ಎಟುಕುವ ಮಾಧ್ಯಮವೇ ನಮ್ಮ ಮೂಲ ಮಾಧ್ಯಮ ಎಂದು ಇಟ್ಟುಕೊಂಡೆವು. ಕಾಲ್ ಅಂದರೆ ದನಿ, ಕ್ಯಾಮೆರಾ ಬೇಕಾದವರಿಗೆ ಮಾತ್ರ. ಪರದೆಯ ಮೇಲೆ ತೋರಿಸುವ ಚಿತ್ರ ಕಾಲ್‌ಗೆ ಮುಂಚೆಯೇ ಕಡತವಾಗಿ ಹೋಗಿರಬೇಕು. ಕ್ಯಾಮೆರಾ ಕಡ್ಡಾಯ ಮಾಡಿ ಎಂದು ಮೇಲಿನಿಂದ ಸೂಚನೆ ಬಂದಾಗ ನಾನು ಒಪ್ಪಲಿಲ್ಲ. ಬ್ಯಾಂಡ್‌ವಿಡ್ತ್ ಒಂದು ಕಾರಣ. ದಿನವಿಡೀ ತನ್ನ ಮುಖವನ್ನೇ ಎದುರಿಗೆ ನೋಡುತ್ತ, ಅಷ್ಟೊಂದು ಕಣ್ಣುಗಳನ್ನು ತೀರ ಹತ್ತಿರದಿಂದ ಎದುರಿಸುತ್ತ, ಅಲುಗಾಡದೆ ಕೂರುವುದರಿಂದ ಬರುವ ದಣಿವು ಇನ್ನೊಂದು. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಸಭೆಗಳ ದಣಿವಿಗೆ ಇವೇ ಕಾರಣಗಳನ್ನು ಮುಂದಿಟ್ಟರು.

ದನಿಯ ವಿಳಂಬದ ಬಗ್ಗೆಯೂ ಹೇಳಬೇಕು. ಹತ್ತು ಭಾಷೆಗಳ ಮಾತುಕತೆಗಳನ್ನು ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು ಎಂದು ಅದು ಕಂಡುಕೊಂಡಿತು. ದೂರವಾಣಿ ಜಾಲಗಳಿಗೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ, ಮಾತುಕತೆ ಸಹಜವಾಗಿರಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರಬೇಕು. ಮಳೆಗಾಲದ ಮೊಬೈಲ್ ಸಂಪರ್ಕದಲ್ಲಿ ಇದು ಸುಲಭವಾಗಿ ಮೀರುತ್ತದೆ. ಆಗ ಏನಾಗುತ್ತದೆ ನೋಡಿ: ತೀರ್ಥಹಳ್ಳಿಯವರು ಬಾಯಿ ತೆರೆಯುವಷ್ಟರಲ್ಲಿ ಬೆಂಗಳೂರಿನವರು ಮಾತು ಶುರುಮಾಡಿ ಆಗಿರುತ್ತದೆ. ಎರಡು ಸಲ ಹೀಗಾದರೆ ದೂರದವರು ಸುಮ್ಮನಾಗುತ್ತಾರೆ. ಅದನ್ನು ಉಳಿದವರು ಒಪ್ಪಿಗೆ ಎಂದು ತಿಳಿಯುತ್ತಾರೆ. ನಮ್ಮಲ್ಲಿ ಈಗ ಸಭೆ ನಡೆಸುವವರು ಹೆಸರು ಹಿಡಿದು ಕೇಳುತ್ತಾರೆ, ಅದೂ ದೂರದವರಿಂದ ಮತ್ತು ಕಿರಿಯರಿಂದ ಮೊದಲುಮಾಡಿ. ಒಬ್ಬರು ದೂರದಲ್ಲಿದ್ದರೂ ಬೆಂಗಳೂರಿನವರು ಮೀಟಿಂಗ್ ರೂಮಿನಲ್ಲಿ ಗುಂಪಾಗಿ ಕೂರುವುದಿಲ್ಲ. ಎಲ್ಲರೂ ಅವರವರ ಮೇಜಿನಿಂದ, ಅವರವರ ಹೆಡ್‌ಫೋನ್ ಹಾಕಿಕೊಂಡು ಸೇರುತ್ತಾರೆ. ಆಗ ಕೋಣೆಯೊಳಗಿನ ಪಿಸುಮಾತು, ಬಿಳಿಹಲಗೆಯ ಮೇಲಿನ ಗೀಚು ದೂರದವರಿಂದ ತಪ್ಪಿಹೋಗುವುದಿಲ್ಲ.

ಮೌನದ ಬಗ್ಗೆ ಕ್ಯಾಥರೀನ್ ಕ್ರ್ಯಾಮ್ಟನ್ ಅವರ 2001ರ ಅಧ್ಯಯನವನ್ನು ಪ್ರತಿಯೊಬ್ಬ ತಂಡದ ಮುಖ್ಯಸ್ಥರೂ ಓದಬೇಕು. ಬೇರೆ ಬೇರೆ ಊರುಗಳಲ್ಲಿದ್ದು ಜೊತೆಗೆ ಕೆಲಸ ಮಾಡಿದ ವಿದ್ಯಾರ್ಥಿ ತಂಡಗಳ ಸಂದೇಶಗಳನ್ನು ಅವರು ಪರಿಶೀಲಿಸಿದ್ದರು. ಉತ್ತರ ಬರದಿದ್ದಾಗ ಒಬ್ಬರು ಅದನ್ನು ಒಪ್ಪಿಗೆ ಅಂದುಕೊಂಡರು, ಇನ್ನೊಬ್ಬರು ಅಸಡ್ಡೆ ಅಂದುಕೊಂಡರು. ಕೆಲವೊಮ್ಮೆ ಸಂದೇಶ ತಲುಪಿಯೇ ಇರಲಿಲ್ಲ. ಎದುರಿನವರ ಸನ್ನಿವೇಶ ಕಾಣದಾಗ ನಾವು ಸನ್ನಿವೇಶವನ್ನು ಬಿಟ್ಟು ವ್ಯಕ್ತಿಯನ್ನೇ ದೂರುತ್ತೇವೆ. ನಮ್ಮ ತಂಡದಲ್ಲಿ ಇದಕ್ಕೆ ಸರಳ ಕಟ್ಟಳೆ ಇದೆ: ಪ್ರಶ್ನೆ ಬಂದರೆ ಅದೇ ದಿನ "ನೋಡಿದೆ, ಗುರುವಾರ ಹೇಳುತ್ತೇನೆ" ಎಂದಾದರೂ ಬರೆಯಬೇಕು. ಊರಿನ ಜಾತ್ರೆ, ಹಬ್ಬ, ಅಡಿಕೆ ಕೊಯ್ಲು, ಜರ್ಮನಿಯ ಬೇಸಿಗೆ ರಜೆ ಎಲ್ಲವೂ ಒಂದೇ ಕ್ಯಾಲೆಂಡರ್‌ನಲ್ಲಿ ಇರುತ್ತವೆ. ಗೌರಿ ಗಣೇಶ ಹಬ್ಬದ ವಾರ ನಮ್ಮ ಕಡೆಯ ಮೌನಕ್ಕೆ ಕಾರಣ ಏನೆಂದು ಸ್ಟುಟ್‌ಗಾರ್ಟ್‌ನವರಿಗೆ ಈಗ ಮೊದಲೇ ಗೊತ್ತಿರುತ್ತದೆ.

ವಾಟ್ಸಾಪ್ ಬಗ್ಗೆ ತಂಡದಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ನಮ್ಮ ದೇಶದಲ್ಲಿ ಮನೆ, ಬೀದಿ, ಅಪಾರ್ಟ್‌ಮೆಂಟ್, ಶಾಲೆ ಎಲ್ಲವೂ ಅದರಲ್ಲೇ ನಡೆಯುವಾಗ ಕಚೇರಿ ಮಾತ್ರ ಹೊರಗಿರಲಿ ಅಂದರೆ ಒಪ್ಪುವುದು ಕಷ್ಟ. ಅದನ್ನು ಪೂರ್ತಿ ಬಿಡಿ ಎಂದು ನಾನೂ ಹೇಳಲಿಲ್ಲ. ಕರೆಂಟ್ ಹೋಯಿತು, ಸರ್ವರ್ ಬಿದ್ದಿದೆ ಫೋನ್ ಮಾಡಿ, ಮಗುವಿಗೆ ಜ್ವರ ಇವತ್ತು ಬರುವುದಿಲ್ಲ, ಇಂಥದ್ದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಕೆಲಸದ ತೀರ್ಮಾನ ಮಾತ್ರ ಅಲ್ಲಿ ಆಗಬಾರದು. ಹೊಸದಾಗಿ ಸೇರಿದವರಿಗೆ ಹಿಂದಿನ ಮಾತು ಪೂರ್ತಿ ಅಲ್ಲಿ ಸಿಗುವುದಿಲ್ಲ, ಗ್ರಾಹಕರ ನಕ್ಷೆಗಳು ಎಲ್ಲರ ಸ್ವಂತ ಫೋನಿಗೆ ಹರಡುತ್ತವೆ, ಮಲಗುವ ಹೊತ್ತಿನಲ್ಲೂ ಕಚೇರಿ ಗುನುಗುತ್ತದೆ. 2018ರ ಮೇನಲ್ಲಿ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂದ ಮೇಲೆ ನಮ್ಮ ಜರ್ಮನ್ ಸಹೋದ್ಯೋಗಿಗಳು ಕೆಲಸದ ವಿಷಯಕ್ಕೆ ವಾಟ್ಸಾಪ್ ಮುಟ್ಟುವುದಿಲ್ಲ. ಅಂದಮೇಲೆ ಅಲ್ಲಿ ನಡೆದ ಮಾತಿನಿಂದ ಅರ್ಧ ತಂಡ ಹೊರಗೇ.

ಚಾಟ್‌ನಲ್ಲಿ ಕಂಡ ಸಮಸ್ಯೆಯನ್ನು ಟಿಕೆಟ್‌ಗೆ ಹಾಕಿ ಎಂದು ಹಟ ಹಿಡಿಯುವಾಗ ನಾನು ತಂಡಕ್ಕೆ ಹೇಳುವ ಒಂದು ನಿಜ ಘಟನೆ ಇದೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ತಲುಪುವಾಗ ಕಳೆದುಹೋಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಕಡೆ ಅದನ್ನು ನ್ಯೂಟನ್ ಎಂದು ಓದಿದರು. ಇಷ್ಟು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ತನಿಖಾ ಮಂಡಳಿ ಹೇಳಿದ ಇನ್ನೊಂದು ಮಾತು. ಪಥದ ಅಂಕಿಗಳು ಹೊಂದುತ್ತಿಲ್ಲ ಎಂಬುದು ಮುಂಚೆಯೇ ಕೆಲವರ ಗಮನಕ್ಕೆ ಬಂದಿತ್ತು. ಅದನ್ನು ಬಗೆಹರಿಸಲು ಅವರು ಇಮೇಲ್‌ಗಳನ್ನು ನೆಚ್ಚಿಕೊಂಡರು, ದೋಷಗಳನ್ನು ದಾಖಲಿಸಿ ಮುಗಿಯುವವರೆಗೆ ಬೆನ್ನು ಹತ್ತುವ ಅಧಿಕೃತ ವ್ಯವಸ್ಥೆಯನ್ನು ಸರಿಯಾಗಿ ಬಳಸಲಿಲ್ಲ. ಹಾಗಾಗಿ ವಿಷಯ ನಡುವೆ ಜಾರಿಹೋಯಿತು. ಆ ತಂಡವೂ ನಮ್ಮ ಹಾಗೆ ಹಂಚಿಹೋದದ್ದೇ, ಕ್ಯಾಲಿಫೋರ್ನಿಯಾದಲ್ಲಿ ಒಂದು ಭಾಗ, ಕೊಲರಾಡೊದಲ್ಲಿ ಇನ್ನೊಂದು. ಮೇಲ್ ಒಬ್ಬರ ಪೆಟ್ಟಿಗೆಯಲ್ಲಿ ಕೆಳಗೆ ಸರಿದುಹೋಗಬಹುದು. ಟಿಕೆಟ್‌ಗೆ ಒಬ್ಬ ಒಡೆಯ ಇರುತ್ತಾನೆ, ಮುಚ್ಚುವವರೆಗೆ ಅದು ಎಲ್ಲರ ಕಣ್ಣಿಗೂ ಬೀಳುತ್ತಿರುತ್ತದೆ.

ಬೇಸರ, ಟೀಕೆ, ಕೆಟ್ಟ ಸುದ್ದಿ ಇವುಗಳಿಗೆ ಬರಹ ಬೇಡ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಮಾತು ವ್ಯಂಗ್ಯವೋ ನಿಜವೋ ಎಂಬುದು ಇಮೇಲ್‌ನಲ್ಲೂ ಓದುವವರಿಗೆ ತಿಳಿದೇ ತಿಳಿಯುತ್ತದೆ ಎಂದು ಬರೆದವರು ನಂಬಿದ್ದರು. ಓದಿದವರ ಊಹೆ ನಾಣ್ಯ ಚಿಮ್ಮಿದಷ್ಟಕ್ಕಿಂತ ಹೆಚ್ಚೇನೂ ಸರಿ ಇರಲಿಲ್ಲ. ಅದನ್ನೇ ದನಿಯಲ್ಲಿ ಕೇಳಿದವರು ಬಹುಪಾಲು ಸರಿಯಾಗಿ ಗುರುತಿಸಿದರು. ಕೋಡ್ ರಿವ್ಯೂನಲ್ಲಿ (ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸುವಾಗ) ಕೋಡ್ ಬಗ್ಗೆ ಬರೆಯಿರಿ, ಬರೆದವರ ಬಗ್ಗೆ ಏನಾದರೂ ಹೇಳುವುದಿದ್ದರೆ ಫೋನ್ ಎತ್ತಿ ಎಂಬುದು ನಮ್ಮಲ್ಲಿ ಪಾಲನೆಯಾಗುತ್ತದೆ. ಒಂದು ಎಳೆಯಲ್ಲಿ ಮಾತು ಮೂರು ಸಲ ಆಚೆಯಿಂದ ಈಚೆ ಹೋಗಿಬಂದು ಇನ್ನೂ ಮುಗಿದಿಲ್ಲವಾದರೆ ನಾಲ್ಕನೆಯದನ್ನು ಬರೆಯಬಾರದು, ಕರೆ ಮಾಡಬೇಕು. ಈ ಒಂದು ಕಟ್ಟಳೆಯಿಂದ ಆದಷ್ಟು ಒಳ್ಳೆಯದು ಬೇರೆ ಯಾವುದರಿಂದಲೂ ಆಗಿಲ್ಲ.

ಇಷ್ಟೆಲ್ಲ ಇದ್ದರೂ ಭೇಟಿಗೆ ಬದಲಿ ಇಲ್ಲ. ಮಾರ್ಥಾ ಮಜ್ನೆವ್‌ಸ್ಕಿ ಮತ್ತು ಕ್ಯಾಥರೀನ್ ಚುಡೋಬಾ ಹಲವು ದೇಶಗಳಲ್ಲಿ ಹರಡಿದ ತಂಡಗಳನ್ನು ಬಹಳ ಕಾಲ ಗಮನಿಸಿ 2000ದಲ್ಲಿ ಬರೆದರು: ಚೆನ್ನಾಗಿ ನಡೆದ ತಂಡಗಳಿಗೆ ಒಂದು ಲಯ ಇತ್ತು, ಕಾಲಕಾಲಕ್ಕೆ ಮುಖಾಮುಖಿ ಭೇಟಿ, ನಡುವೆ ಸಣ್ಣ ಸಣ್ಣ ಸಂಪರ್ಕಗಳು. ಪ್ರಯಾಣದ ಹಣವನ್ನು ನಾನು ಬಿಕ್ಕಟ್ಟು ಬಂದಾಗ ಖರ್ಚು ಮಾಡುವುದಿಲ್ಲ, ಯೋಜನೆ ಶುರುವಾಗುವಾಗ ಮಾಡುತ್ತೇನೆ. ಜರ್ಮನಿಯ ಆ ಮೆಕ್ಯಾನಿಕಲ್ ಎಂಜಿನಿಯರ್ ಬೆಂಗಳೂರಿಗೆ ಬಂದು ನಮ್ಮವರ ಜೊತೆ ಟೆಸ್ಟ್ ರಿಗ್ ಮುಂದೆ ಕೂತರು. ಧಾರವಾಡದ ಹುಡುಗನ ಜೊತೆ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದರು. ಮರಳಿ ಹೋದ ಮೇಲೆ ಅವರಿಬ್ಬರ ನಡುವಿನ ಟಿಪ್ಪಣಿಗಳು ಅರ್ಧಕ್ಕಿಳಿದವು. ಹುಡುಗ ಈಗ ಕಾಲ್‌ನಲ್ಲೂ ಅವರಿಗೆ ಎದುರು ಮಾತಾಡುತ್ತಾನೆ.

ಇದರಿಂದ ನಮ್ಮ ಕಟ್ಟಳೆಗಳು ಎಲ್ಲರಿಗೂ ಒಂದೇ ಅಳತೆಯಲ್ಲಿ ಇಲ್ಲ. ಜಾನ್ ಕಾರ್ಲ್ಸನ್ ಮತ್ತು ರಾಬರ್ಟ್ ಜ್ಮುಡ್ 1999ರಲ್ಲಿ ತೋರಿಸಿದ ಹಾಗೆ, ಮಾಧ್ಯಮ, ವಿಷಯ, ಎದುರಿನ ವ್ಯಕ್ತಿ ಇವುಗಳ ಪರಿಚಯ ಬೆಳೆದಂತೆ ಅದೇ ಬಡ ಮಾಧ್ಯಮ ಹೆಚ್ಚು ಹೆಚ್ಚು ಹೇಳತೊಡಗುತ್ತದೆ. ವರ್ಷಗಳಿಂದ ಜೊತೆಗೆ ದುಡಿದ ಇಬ್ಬರು ಎರಡು ಸಾಲಿನ ಚಾಟ್‌ನಲ್ಲಿ ಮುಗಿಸುವುದನ್ನು ಹೊಸಬರು ಕಾಲ್ ಇಲ್ಲದೆ ಮುಗಿಸಲಾರರು. ಹೊಸಬರು ಸೇರಿದ ಮೊದಲ ತಿಂಗಳು ನಾನು ಅವರಿಗೆ ದಿನಕ್ಕೊಂದು ಚಿಕ್ಕ ದನಿ ಕರೆ ಇಡುತ್ತೇನೆ, ಬೇರೆ ಬೇರೆ ಊರಿನ ಒಬ್ಬೊಬ್ಬರ ಜೊತೆ. ಕೆಲಸದ ಮಾತೇ ಆಗಬೇಕೆಂದಿಲ್ಲ. ಹಳಬರು ಹೊಸ ವಿಷಯಕ್ಕೆ ಕೈಹಾಕಿದಾಗಲೂ ಮೊದಲಿನ ಹಾಗೆ ಬರಹ, ಟಿಪ್ಪಣಿ, ಕಾಲ್, ಮತ್ತೆ ಬರಹ ಎಂಬ ಪೂರ್ತಿ ಸರದಿಗೆ ಹಿಂತಿರುಗುತ್ತಾರೆ.

ಸದ್ಯ ನಮ್ಮ ಮುಂದಿರುವುದು ಎಐ ಸಾಫ್ಟ್‌ವೇರ್ ತಾನೇ ಬರೆದುಕೊಡುವ ಸಭೆಯ ಸಾರಾಂಶಗಳ ಪ್ರಶ್ನೆ. ಕಾಲ್ ತಪ್ಪಿಸಿಕೊಂಡವರಿಗೆ ಅವು ನಿಜಕ್ಕೂ ಅನುಕೂಲ, ಮಳೆಯಲ್ಲಿ ಸಂಪರ್ಕ ಕಡಿದವರಿಗೆ ಇನ್ನೂ ಅನುಕೂಲ. ಆದರೆ ಕನ್ನಡ ಇಂಗ್ಲಿಷ್ ಬೆರೆಸಿ ಆಡಿದ ಮಾತು ಅದರಲ್ಲಿ ಏನೇನೋ ಆಗಿ ಬರುತ್ತದೆ. "ನೋಡೋಣ" ಎಂದು ಬಿಟ್ಟ ವಿಷಯವೂ ತೀರ್ಮಾನದ ಪಟ್ಟಿಗೆ ಸೇರಿಬಿಟ್ಟದ್ದನ್ನು ಕಂಡಿದ್ದೇವೆ. ಓದಲು ಅವನ್ನು ಇಟ್ಟುಕೊಂಡಿದ್ದೇವೆ. ತೀರ್ಮಾನವನ್ನು ಮಾತ್ರ ಅದರ ಕೆಲಸ ಮಾಡಬೇಕಾದವರೇ ತಮ್ಮ ಮಾತಿನಲ್ಲಿ ಬರೆಯುತ್ತಾರೆ, ಕಾಲ್ ಮುಗಿಯುವ ಮುಂಚೆ ಓದಿ ಹೇಳುತ್ತಾರೆ.